ಹನುಮಕ್ಕನ ತಾಯಿ

ನಮ್ಮ ಮಹಡಿ ಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಬೆಳಗಾದರೆ ಸಾಕು, ಈರುಳ್ಳಿ ಹುರಿಯುತ್ತಾರೆ. ಕಿಟಕಿ ಹಾಕಿಕೊಂಡರೂ ವಾಸನೆ ಮೆಟ್ಟಿಲಿಳಿದು ನನ್ನ ಕೋಣೆಗೆ ಬರುತ್ತದೆ. ಬೇರೆಯವರಿಗೆ ಇದರಿಂದ ಹಸಿವಾಗಬಹುದು, ಬೇಜಾರಾಗಬಹುದು. ನನಗೆ ಮಾತ್ರ ನಾನು ಒಮ್ಮೆಯೂ ನೋಡಿರದ ಒಂದು ಊರಿನ, ಬಹಳ ಹಳೆಯ ಕಟ್ಟಡವೊಂದರ ಕತ್ತಲೆ ಮೆಟ್ಟಿಲು ನೆನಪಾಗುತ್ತದೆ. ಅಮೆರಿಕಕ್ಕೆ ವಲಸೆ ಹೋದ ಯಹೂದಿಗಳ ಕಾದಂಬರಿಗಳನ್ನು ನೀವು ಓದಿದ್ದರೆ ನಿಮಗೂ ಗೊತ್ತಿರುತ್ತದೆ. ಆ ಪುಸ್ತಕಗಳಲ್ಲಿ ಯಾರು ಯಾರ ಮನೆಗೆ ಹೋದರೂ ಮೊದಲು ಈರುಳ್ಳಿಯ ವಾಸನೆ ಎದುರಾಗುತ್ತದೆ, ಮನೆಯವರು ಆಮೇಲೆ.

ಇಂಥ ಕಾದಂಬರಿಗಳ ಬಗ್ಗೆ ನಾನು ಎಂ.ಎ.ಯಲ್ಲಿ ಒಂದು ಸಣ್ಣ ಪ್ರಬಂಧ ಬರೆದೆ. ಈಗ ಪಿಎಚ್.ಡಿ.ಗೆ ದೊಡ್ಡದನ್ನು ಬರೆಯುತ್ತಿದ್ದೇನೆ. ಯಾಕೆ ಈ ವಿಷಯ ಎಂದು ಕೇಳಿದವರಿಗೆಲ್ಲ ಗಂಭೀರವಾದ ಉತ್ತರ ಕೊಟ್ಟಿದ್ದೇನೆ. ನಿಮಗೆ ನಿಜ ಹೇಳಬಹುದು. ಲೈಬ್ರರಿಯ ಆ ಸಾಲಿನಲ್ಲಿ ಕೈಗೆ ಸಿಕ್ಕ ಮೊದಲ ಪುಸ್ತಕ ತೆಳ್ಳಗಿತ್ತು, ಪರೀಕ್ಷೆ ಹತ್ತಿರವಿತ್ತು. ತೆಳ್ಳಗಿನದು ಮುಗಿಯುವಷ್ಟರಲ್ಲಿ ದಪ್ಪಗಿನವುಗಳ ಆಸೆ ಹತ್ತಿತ್ತು. ಕುಣಿಗಲ್ಲಿನ ಒಂದು ಮದುವೆಯಲ್ಲಿ ಪಕ್ಕದ ಎಲೆಗೆ ಕೂತಿದ್ದ ಹಿರಿಯರೊಬ್ಬರು ನಾನು ಏನು ಓದುತ್ತೇನೆಂದು ವಿಚಾರಿಸಿದರು. ಹೇಳಿದೆ. ಅವರು ಪಲ್ಯ ಕಲಸುವುದನ್ನು ನಿಲ್ಲಿಸಿ, "ಯಹೂದಿಗಳಾ? ನಮ್ ಜಿಲ್ಲೇಲಿ ಇಲ್ವಲ್ಲಮ್ಮ ಅವ್ರು. ತೆಂಗಿನ ಮೇಲೆ ಏನಾದ್ರೂ ಮಾಡ್ಬಾರ್ದಾಗಿತ್ತಾ?" ಎಂದರು. ಅವರ ಮಾತು ನ್ಯಾಯವಾದದ್ದೇ. ಒಬ್ಬ ಯಹೂದಿಯನ್ನೂ ನಾನು ಈವರೆಗೆ ಕಂಡಿಲ್ಲ.

ಆ ಕಾದಂಬರಿಗಳ ಒಂದು ಗುಣ ನನ್ನನ್ನು ಮೊದಲಿಂದ ಹಿಡಿದಿಟ್ಟಿದೆ. ಸಮುದ್ರ ದಾಟುವುದು ಅವುಗಳಲ್ಲಿ ಎರಡು ಮೂರು ಪುಟದ ಕೆಲಸ. ಹಡಗು, ವಾಂತಿ, ಗಂಟುಮೂಟೆ, ಬಂದರಿನಲ್ಲಿ ಕಣ್ಣು ಪರೀಕ್ಷಿಸುವ ಡಾಕ್ಟರು, ಇಷ್ಟಾದರೆ ಮುಗಿಯಿತು. ಉಳಿದ ಮುನ್ನೂರು ಪುಟ ಒಂದು ಬಾಡಿಗೆ ಮನೆಯೊಳಗೆ ನಡೆಯುತ್ತದೆ. ಅಪ್ಪ ಹೊಸ ಊರಿನ ಕುರ್ಚಿಯ ಮೇಲೆ ಹಳೆಯ ಊರಿನಲ್ಲೇ ಕೂತಿರುತ್ತಾನೆ. ಮಗಳು ಹಡಗಿಳಿದ ವಾರಕ್ಕೆಲ್ಲ ಪೂರ್ತಿ ಬಂದು ತಲುಪಿಬಿಟ್ಟಿರುತ್ತಾಳೆ. ಅಮ್ಮ ಬಾಗಿಲ ಹತ್ತಿರ ಎಲ್ಲೋ ಇರುತ್ತಾಳೆ. ಒಂದೇ ಹಡಗಿನಲ್ಲಿ ಬಂದವರು ಬೇರೆ ಬೇರೆ ವರ್ಷಗಳಲ್ಲಿ ದಡ ಸೇರುವ ಕಥೆಗಳು ಅವು.

ನಾನು ಹೇಳಹೊರಟಿದ್ದು ಅಜ್ಜಿಯ ವಿಷಯ.

ಅಜ್ಜಿ ಎಂದರೆ ಅಪ್ಪನ ತಾಯಿ. ಊರು ಕುಣಿಗಲ್ ಕಡೆ, ಹುತ್ರಿದುರ್ಗದ ಬೆಟ್ಟದ ಮಗ್ಗುಲಿಗೆ. ತಾತ ತೀರಿಕೊಂಡ ಮೇಲೆ ಅಪ್ಪ ಅವಳನ್ನು ತುಮಕೂರಿನ ನಮ್ಮ ಮನೆಗೆ ಕರೆದುಕೊಂಡು ಬಂದರು. ಒಂದು ಟ್ರಂಕು, ಒಂದು ಮೂಟೆ ರಾಗಿ, ಇಷ್ಟರ ಜೊತೆ ಅಜ್ಜಿ ಆಟೋ ಇಳಿದಳು. ತುಮಕೂರಿನ ರಾಗಿಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ನಾನು ಎಂ.ಎ. ಎರಡನೇ ವರ್ಷದಲ್ಲಿದ್ದಾಗ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಕಪ್ಪು ಕನ್ನಡಕ ಹಾಕಿಕೊಳ್ಳಬೇಕು, ತಲೆಗೆ ನೀರು ಬೀಳಬಾರದು, ಟಿ.ವಿ. ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು. ಮೊದಲ ಎರಡನ್ನು ಅಜ್ಜಿ ಸಹಿಸಿದಳು. ಸಂಜೆಯ ಧಾರಾವಾಹಿಯಲ್ಲಿ ಒಬ್ಬ ಸೊಸೆಗೆ ಯಾರೋ ವಿಷ ಹಾಕುವುದರಲ್ಲಿದ್ದರು. ಆ ಹೊತ್ತಿಗೆ ಟಿ.ವಿ. ಬಂದ್ ಆದದ್ದು ದೊಡ್ಡ ಅನ್ಯಾಯವಾಯಿತು.

"ನೀನು ದಿನಾ ಅದೇನೋ ಓದ್ತೀಯಲ್ಲ, ಅದ್ರಲ್ಲಿ ಕಥೆ ಇಲ್ವಾ?" ಎಂದಳು.

"ಇದೆ ಅಜ್ಜಿ. ಇಂಗ್ಲಿಷಲ್ಲಿದೆ."

"ನಿಂಗೆ ಕನ್ನಡ ಬರ್ತದಲ್ಲ."

ಹೀಗೆ ಮಧ್ಯಾಹ್ನದ ಊಟವಾದ ಮೇಲೆ ನಾನು ಒಂದು ಕಾದಂಬರಿಯನ್ನು ಬಾಯಲ್ಲೇ ಕನ್ನಡಕ್ಕೆ ತರುತ್ತಾ ಅಜ್ಜಿಗೆ ಹೇಳತೊಡಗಿದೆ. ಹಿಮ ಬೀಳುವ ಒಂದು ಹಳ್ಳಿಯಿಂದ ಅಮೆರಿಕದ ದೊಡ್ಡ ಊರಿಗೆ ಹೋದ ಸಂಸಾರದ ಕಥೆ. ಅಪ್ಪ, ಅಮ್ಮ, ಹನ್ನಾ ಎಂಬ ಮಗಳು, ಅವಳ ತಮ್ಮ. ಆ ತಮ್ಮನೇ ದೊಡ್ಡವನಾದ ಮೇಲೆ ಕಥೆ ಹೇಳುತ್ತಾನೆ. ಅಜ್ಜಿ ಮೊದಲ ದಿನವೇ ಹನ್ನಾಳನ್ನು ಹನುಮಕ್ಕ ಮಾಡಿದಳು. ತಂದೆಯ ಹೆಸರು ಬಾಯಿಗೆ ಬರಲಿಲ್ಲ, ಅವನು ಗಡ್ಡದಪ್ಪ ಆದ.

"ಇವರಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಒಂದಕ್ಕೊಂದು ಸೋಕುವ ಹಾಗಿಲ್ಲ," ಎಂದು ನಾನು ವಿವರಣೆ ಶುರು ಮಾಡಿದರೆ ಅಜ್ಜಿ, "ಮತ್ತೆ? ಎಲ್ಲಾ ಒಂದ್ರಲ್ಲೇ ಬೇಯಿಸ್ತಾರಾ ಯಾರಾದ್ರೂ?" ಎಂದಳು. ಊರಿನ ಮನೆಯಲ್ಲಿ ಬಾಡು ಬೇಯಿಸುವ ಮಡಕೆ ಹಿತ್ತಲಲ್ಲೇ ಬೇರೆ ಒಲೆಯ ಪಕ್ಕ ಇರುತ್ತಿತ್ತು. ಅದು ಒಳಗಿನ ಅಡುಗೆಮನೆಯ ಹೊಸಲು ದಾಟಿದ್ದನ್ನು ಯಾರೂ ನೋಡಿರಲಿಲ್ಲ.

"ಹಡಗಲ್ಲಿ ಹೋಗೋವಾಗ ಎರಡೂ ತಗೊಂಡೋದ್ರಾ?"

"ಎರಡೂ."

"ಸರಿ. ನಮ್ಮೋರಂಗೇ ಬುಡು."

ಅಲ್ಲಿಂದ ಮುಂದೆ ಅವರು ನೆಂಟರಾದರು. ಶನಿವಾರ ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹಿಂದಿನ ದಿನ ಮಾಡಿಟ್ಟದ್ದನ್ನೇ ತಿನ್ನುತ್ತಾರೆ ಎಂದಾಗ ಅಜ್ಜಿ, "ಒಳ್ಳೇದು, ಹೆಂಗಸ್ರಿಗೆ ಒಂದಿನ ರಜ," ಎಂದಳು. ಹನ್ನಾ ಬಟ್ಟೆ ಹೊಲಿಯುವ ಕಾರ್ಖಾನೆಗೆ ಸೇರಿದಾಗ, "ಗಾರ್ಮೆಂಟ್ಸಿಗೆ ಹೋಗ್ತಾಳೆ ಅನ್ನು," ಎಂದಳು. ಗಡ್ಡದಪ್ಪನನ್ನು ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

"ಹೆಂಡ್ತಿ ಮಗಳು ಇಬ್ರೂ ದುಡೀತಾರೆ. ಇವ್ನೇನ್ ಮಾಡ್ತಾನೆ?"

"ಓದ್ತಾನೆ ಅಜ್ಜಿ. ದೇವರ ಪುಸ್ತಕ."

"ಓದೋರ್ನ ಕಂಡಿದೀನಿ ಬುಡು," ಎಂದು ಅಜ್ಜಿ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದಳು.

ಇಲ್ಲಿ ನನ್ನ ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅಪ್ಪನ ತಂಗಿ, ಸರೋಜಮ್ಮ. ಊರಿಂದ ಅಮೃತೂರಿನ ಕಾಲೇಜಿಗೆ ಪ್ರೈವೇಟ್ ಬಸ್ಸಿನಲ್ಲಿ ಹೋಗುತ್ತಿದ್ದರು. ಆ ಬಸ್ಸಿನ ಕಂಡಕ್ಟರ್ ಬೇರೆ ಜಾತಿಯವರು. ಒಂದು ದಿನ ಅತ್ತೆ ಅದೇ ಬಸ್ಸಿನಲ್ಲಿ ಹೋದವರು ವಾಪಸು ಬರಲಿಲ್ಲ, ಅವರನ್ನೇ ಮದುವೆಯಾದರು. ಸುದ್ದಿ ಬಂದ ಬೆಳಿಗ್ಗೆ ತಾತ ಮನೆಯವರನ್ನೆಲ್ಲ ಸಾಲಾಗಿ ಬಚ್ಚಲಿಗೆ ಕಳಿಸಿ ತಲೆಗೆ ತಣ್ಣೀರು ಹುಯ್ದುಕೊಳ್ಳಲು ಹೇಳಿದರಂತೆ. ಸಾವಿಗೆ ಹೋಗಿ ಬಂದವರು ಮಾಡುವ ಸ್ನಾನ ಅದು. ಅಲ್ಲಿಗೆ ಮಗಳು ಸತ್ತಂತೆ. ಇದು ನಾನು ಹುಟ್ಟುವ ಮೊದಲಿನ ಮಾತು. ಆ ಮನೆಯಲ್ಲಿ ಆಮೇಲೆ ಯಾರೂ ಅವರ ಹೆಸರೆತ್ತಲಿಲ್ಲ.

ನನಗೆ ಇದು ಗೊತ್ತಾದದ್ದು ಪಿಯುಸಿಯಲ್ಲಿ. ಅಮ್ಮ ಅವರೆಕಾಯಿ ಸುಲಿಯುತ್ತಾ, "ನಿಂಗೆ ಒಬ್ರು ಅತ್ತೆ ಇದಾರೆ, ಗುಬ್ಬೀಲಿ," ಎಂದರು, ಮತ್ತು ನಾನು ಏನಾದರೂ ಕೇಳುವ ಮೊದಲೇ ಮೊರ ತರಲು ಕಳಿಸಿದರು. ನಮ್ಮ ಮನೆಯಿಂದ ಗುಬ್ಬಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ತಿಪಟೂರಿನ ಕಡೆ ಮದುವೆಗೆ ಹೋಗುವಾಗ ಬಸ್ಸು ಗುಬ್ಬಿಯಲ್ಲಿ ನಿಂತರೆ ಅಪ್ಪ ಯಾಕೆ ಓದಿ ಮುಗಿಸಿದ ಪೇಪರನ್ನೇ ಮತ್ತೆ ಬಿಡಿಸುತ್ತಾರೆ ಎಂಬುದು ನನಗೆ ಆಗ ಅರ್ಥವಾಯಿತು. ಅಮ್ಮನ ಫೋನಿನಲ್ಲಿ ಅತ್ತೆಯ ನಂಬರ್ ಇತ್ತು, ಹೆಸರಿನ ಜಾಗದಲ್ಲಿ ಬರೀ 'ಗುಬ್ಬಿ' ಎಂದಿತ್ತು. ತಾತ ಹೋದಾಗ ಅಮ್ಮ ಆ ನಂಬರಿಗೆ ತಿಳಿಸಿದ್ದರು. "ಸತ್ತೋರು ಸಾವಿಗೆ ಹೆಂಗ್ ಬರೋದು ಅತ್ತಿಗೆ," ಎಂದರಂತೆ ಅತ್ತೆ. ಬರಲಿಲ್ಲ.

ಈಗ ಪುಸ್ತಕಕ್ಕೆ ಬರುತ್ತೇನೆ. ಇಂಥ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಸಂಗವಿದೆ. ಮಗಳು ಬೇರೆ ಧರ್ಮದವನನ್ನು ಮದುವೆಯಾಗುತ್ತಾಳೆ. ತಂದೆ ಅಂಗಿಯ ಕೊರಳಪಟ್ಟಿ ಹರಿದುಕೊಂಡು, ಕನ್ನಡಿಗೆ ಬಟ್ಟೆ ಮುಚ್ಚಿ, ಗಿಡ್ಡ ಮಣೆಯ ಮೇಲೆ ಏಳು ದಿನ ಕೂರುತ್ತಾನೆ. ಸತ್ತವರಿಗಾಗಿ ಕೂರುವ ಸೂತಕ. ಈ ಕಾದಂಬರಿಯಲ್ಲೂ ಹನ್ನಾ ಮನೆಮನೆಗೆ ಕಲ್ಲಿದ್ದಲು ಹಾಕುವ ಇಟಲಿಯ ಹುಡುಗನ ಜೊತೆ ಹೋಗುತ್ತಾಳೆ. ಆ ಅಧ್ಯಾಯ ಬರುತ್ತದೆಂದು ನನಗೆ ಗೊತ್ತಿತ್ತು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ಹಾರಿಸಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆಂದು ಕೇಳಬೇಡಿ. ಸ್ವಲ್ಪ ನನಗೂ ತಿಳಿಯದು, ತಿಳಿದಷ್ಟನ್ನು ಹೇಳುವ ಅಭ್ಯಾಸ ನನಗಿಲ್ಲ.

ಅಜ್ಜಿ ಗೋಡೆಗೊರಗಿ ಕೂತು ಕೇಳಿದಳು.

"ತಾಯಿ?" ಎಂದಳು, ನಾನು ನಿಲ್ಲಿಸಿದಾಗ.

"ತಾಯಿ ಎದ್ದು ಅಡುಗೆಮನೆಗೆ ಹೋದಳು. ಸಂಜೆವರೆಗೂ ಹೊರಗೆ ಬರಲಿಲ್ಲ."

"ಒಳಗೆ ಏನ್ ಮಾಡಿದ್ಲು?"

"ಬರೆದಿಲ್ಲ ಅಜ್ಜಿ. ಕಥೆ ಹೇಳೋನು ಆ ಮನೆ ಹುಡುಗ. ಅವನು ಹೊರಗೆ ಅಪ್ಪನ ಜೊತೆ ಕೂತಿದ್ದ."

"ಹಂಗಾರೆ ಅವ್ಳೂ ಸೂತಕ ಮಾಡಿದ್ಲು ಅಂತ ಯಾರೂ ಹೇಳಂಗಿಲ್ಲ."

ನನ್ನ ಪ್ರಬಂಧದಲ್ಲಿ ನಾನು ಬರೆದದ್ದು ಬೇರೆಯೇ ಇತ್ತು. ತಾಯಿಯ ಮೌನ ಒಪ್ಪಿಗೆಯ ಮೌನ ಎಂದು ಬರೆದು, ಕೆಳಗೆ ಎರಡು ಅಡಿಟಿಪ್ಪಣಿ ಕೊಟ್ಟಿದ್ದೆ. ಅದನ್ನು ಅಜ್ಜಿಗೆ ಆದಷ್ಟು ಸರಳವಾಗಿ ಹೇಳಿದೆ. ಅವಳು ಬಾಯಿ ಬಿಡದಿದ್ದರೆ ಒಪ್ಪಿದ ಹಾಗೇ ಅಲ್ಲವೇ ಎಂದೆ.

"ನೀನೂ ಹೊರಗೇ ಕೂತಿದ್ಯೇನೋ," ಎಂದಳು ಅಜ್ಜಿ.

ನಾನು ಸೋಲಲಿಲ್ಲ. ಕಾದಂಬರಿಯ ಮಟ್ಟಿಗೆ ನನ್ನ ಮಾತಿಗೆ ಆಧಾರವಿತ್ತು. ಆ ತಾಯಿ ಕೊನೆಯವರೆಗೂ ಮಗಳ ಮನೆಗೆ ಹೋಗುವುದಿಲ್ಲ. ಒಮ್ಮೆ ತರಕಾರಿ ಚೀಲ ಹಿಡಿದು ಅವಳ ಕಟ್ಟಡದ ಮುಂದೆಯೇ ಹಾದುಹೋಗುತ್ತಾಳೆ, ಮೆಟ್ಟಿಲು ಹತ್ತುವುದಿಲ್ಲ. ಮುಂದಿನ ವಾರ ಕಥೆ ಅಲ್ಲಿಗೆ ಬಂದಾಗ ಅಜ್ಜಿ ಕೇಳಿದಳು:

"ಮಗಳ ಮನೆ ಎಷ್ಟು ದೂರ?"

"ಎರಡು ಬೀದಿ ಆಚೆ."

"ಸಮುದ್ರ ದಾಟಿ ಬಂದೋಳು."

"ಹೂಂ."

"ಎರಡು ಬೀದಿ," ಎಂದಳು ಅಜ್ಜಿ. ಆಮೇಲೆ ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಮಡಿಸುತ್ತಾ ಬಿಡಿಸುತ್ತಾ ಇದ್ದು, "ಗುಬ್ಬಿಗೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ ಅದೆ?" ಎಂದಳು.

ಅಪ್ಪನಿಗೆ ಅವಳೇ ಹೇಳಿದಳು. ಅಪ್ಪ ಹೈಸ್ಕೂಲ್ ಮೇಷ್ಟ್ರು, ಮನೆಯಲ್ಲಿ ಮಾತು ಕಡಿಮೆ. ಊಟದ ತಟ್ಟೆಯ ಮುಂದೆ, ಮುದ್ದೆ ಮುರಿಯುತ್ತಾ, "ನಾಳೆ ಗುಬ್ಬಿಗೆ ಹೋಗ್ತೀನಿ ಕಣಪ್ಪ. ಮಗೀನ ಜೊತೆಗೆ ಕರ್ಕೊಂಡೋಗ್ತೀನಿ," ಎಂದಳು ಅಜ್ಜಿ. ಮಗು ಎಂದರೆ ನಾನು. ಅಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದರು. ಅಪ್ಪ ತುತ್ತು ನುಂಗಿ, ನೀರು ಕುಡಿದು, "ಒಂಬತ್ತೂವರೆ ಬಸ್ಸಿಗೆ ಹೋಗವ್ವ. ಸೀಟ್ ಸಿಗುತ್ತೆ," ಎಂದರು.

ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಅಪ್ಪನೇ ಬಂದರು. ನಮ್ಮನ್ನು ಹತ್ತಿಸಿ, ಬೇಕರಿಗೆ ಹೋಗಿ ಬಂದು, ಕಿಟಕಿಯಲ್ಲಿ ಒಂದು ಪೊಟ್ಟಣ ಕೊಟ್ಟರು. "ಬೆಣ್ಣೆ ಬಿಸ್ಕತ್ತು. ದಾರೀಲಿ ತಿನ್ನಕ್ಕೆ." ಮುಕ್ಕಾಲು ಗಂಟೆಯ ದಾರಿಗೆ ಒಂದು ಕೆಜಿ ಬಿಸ್ಕತ್ತು. ಅಜ್ಜಿಗೆ ಹಲ್ಲಿಲ್ಲ, ನನಗೆ ಬೆಣ್ಣೆ ಬಿಸ್ಕತ್ತು ಸೇರುವುದಿಲ್ಲ. ಆದರೂ ತೆಗೆದುಕೊಂಡೆವು.

ಕಪ್ಪು ಕನ್ನಡಕದ ಅವಧಿ ಅಷ್ಟರಲ್ಲಿ ಮುಗಿದಿತ್ತು, ಆದರೂ ಅಜ್ಜಿ ಹಾಕಿಕೊಂಡು ಬಂದಿದ್ದಳು. ಬಿಸಿಲು ಎಂದಳು. ಅಂದು ಮೋಡವಿತ್ತು.

ಅಮ್ಮ ಗುರುತು ಹೇಳಿದ್ದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅತ್ತೆಯ ಗಂಡ ರಾಜಣ್ಣ ಮಾವ ಬಸ್ಸಿನ ಕೆಲಸ ಬಿಟ್ಟು ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ, ಅಂಗಡಿಯ ಹಿಂದೆಯೇ ಮನೆ. ಗಿರಾಕಿಗೆ ಪೈಪು ಅಳೆದುಕೊಡುತ್ತಿದ್ದವರು ಅಜ್ಜಿಯನ್ನು ನೋಡಿ ಪೈಪನ್ನು ಹಾಗೇ ಗೋಡೆಗೆ ಒರಗಿಸಿದರು. ಹೇಗೆ ಗುರುತು ಹಿಡಿದರೋ ಕಾಣೆ. ಹಳೆ ಕಂಡಕ್ಟರರಿಗೆ ಮುಖಗಳು ಮರೆಯುವುದಿಲ್ಲವೇನೋ. "ಬನ್ನಿ ಅತ್ತೆ, ಬನ್ನಿ," ಎಂದು ಒಳಗೆ ಮುಖ ಮಾಡಿ, "ಸರೋಜ, ಯಾರ್ ಬಂದವ್ರೆ ನೋಡು," ಎಂದರು.

ಒಳಗಿಂದ ಬಂದವರು ಸೀರೆ ಉಟ್ಟ ನನ್ನ ಅಪ್ಪನಂತಿದ್ದರು. ಅದೇ ಹುಬ್ಬು, ಮಾತಾಡುವ ಮೊದಲು ಅದೇ ತುಟಿ ಬಿಗಿಯುವುದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತರು.

"ಏನ್ಲೇ, ಇಷ್ಟು ದಪ್ಪ ಆಗಿದೀಯ," ಎಂದಳು ಅಜ್ಜಿ.

"ಕೂತ್ಕೊಳಿ," ಎಂದರು ಅತ್ತೆ.

ನಮ್ಮ ಕಡೆ ಹೆತ್ತವ್ವನಿಗೆ ಯಾರೂ ಹಾಗೆ ಬಹುವಚನ ಹಚ್ಚುವುದಿಲ್ಲ. ಬ್ಯಾಂಕಿನವರಿಗೆ, ಬೀಗರಿಗೆ ಹಾಗೆ ಹೇಳುತ್ತಾರೆ. ಅಜ್ಜಿ ಕೂತಳು. ನಾನು ಬಿಸ್ಕತ್ತಿನ ಪೊಟ್ಟಣ ಕೊಟ್ಟೆ, ಅತ್ತೆ ಅದನ್ನು ಬಿಚ್ಚದೆ ಕಿಟಕಿಯ ಮೇಲಿಟ್ಟರು. ಕಾಫಿ ಬಂತು. ಅಜ್ಜಿ ಬಸ್ಸಿನ ವಿಷಯ ಮಾತಾಡಿದಳು, ತೆಂಗಿನಕಾಯಿಯ ವಿಷಯ ಮಾತಾಡಿದಳು, ಕಣ್ಣಿನ ಡಾಕ್ಟರನ್ನು ಬೈದಳು. ಅತ್ತೆ ಹೂಂ ಎನ್ನುತ್ತಿದ್ದರು. ಕೊನೆಗೆ ದನಿ ಏರಿಸದೆ, ಮಳೆ ಬರಬಹುದು ಎಂಬಷ್ಟು ಸಾಧಾರಣವಾಗಿ ಹೇಳಿದರು:

"ನೀವು ನಂಗೆ ನೀರು ಹುಯ್ಕೊಂಡೋರು. ಈಗ ಬಂದು ಕಾಫಿ ಕುಡಿದ್ರೆ ಆಗ್ತದಾ?"

ಅಜ್ಜಿ ಲೋಟ ಕೆಳಗಿಟ್ಟಳು.

"ಹುಯ್ಕೊಂಡೋರು ನಿಮ್ಮಪ್ಪ. ನಿಮ್ಮಣ್ಣ ಹುಯ್ಕೊಂಡ. ನಾನು ಬಚ್ಚಲಿಗೆ ಹೋಗಿ ಬಾಗ್ಲು ಹಾಕ್ಕೊಂಡೆ. ಹೊರಗೆ ನಿಮ್ಮಪ್ಪ ನಿಂತವ್ರೆ, ಸದ್ದು ಕೇಳ್ಬೇಕಲ್ಲ. ಹಂಡೇಲಿದ್ದ ನೀರ್ನೆಲ್ಲ ಮೊಗ್ದು ಮೊಗ್ದು ಕಲ್ಲಿನ ಮೇಲೆ ಹುಯ್ದೆ. ಅದು ತೂಬಲ್ಲಿ ಹೋಗಿ ನುಗ್ಗೆಗಿಡಕ್ಕೆ ಸೇರ್ತು. ಸೆರಗು ಒಂಚೂರು ನೆನೆಸ್ಕೊಂಡು ಈಚೆ ಬಂದೆ. ನನ್ ತಲೆ ಮೇಲೆ ಒಂದ್ ತೊಟ್ಟೂ ಬಿದ್ದಿಲ್ಲ ಕಣೇ."

ಅಂಗಡಿಯಲ್ಲಿ ಗಿರಾಕಿ ಪೈಪು ಕೇಳುತ್ತಿದ್ದ.

"ಯಾವ್ ನುಗ್ಗೆ?" ಎಂದರು ಅತ್ತೆ. "ಬಚ್ಚಲ ಹಿಂದಿಂದಾ?"

"ಹೂಂ."

"ಅದು ಒಣಗೋಗಿತ್ತು."

"ಆ ವರ್ಷ ಹೆಂಗ್ ಕಾಯಿ ಬುಡ್ತು ಅಂತೀಯ. ಊರಿಗೆಲ್ಲ ಹಂಚ್ದೆ."

ಅತ್ತೆ ತುಟಿ ಬಿಗಿದುಕೊಂಡರು. ಅಪ್ಪ ನಗು ತಡೆಯುವಾಗ ಮಾಡುವುದೂ ಅದನ್ನೇ, ಅಳು ತಡೆಯುವಾಗ ಮಾಡುವುದೂ ಅದನ್ನೇ. "ಅಪ್ಪಂಗೆ ಗೊತ್ತಾಗ್ಲಿಲ್ವಾ ಅವ್ವ? ನಿನ್ ಕೂದ್ಲು ಒಣಗಿರ್ಲಿಲ್ವಾ?"

"ಗೊತ್ತಾಗಿರ್ತದೆ. ಕೇಳ್ಲಿಲ್ಲ."

"ಮತ್ತೆ ಇಷ್ಟ್ ವರ್ಷ ಯಾಕ್ ಬರ್ಲಿಲ್ಲ ನೀನು?"

ಅಜ್ಜಿ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡಳು. ಉತ್ತರ ಇದ್ದಿದ್ದರೆ ಕೊಡುತ್ತಿದ್ದಳು ಎಂದುಕೊಂಡಿದ್ದೇನೆ. ಅತ್ತೆ ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಆ ಗೊತ್ತಿಲ್ಲದ ಮನೆಯ ಗೋಡೆ ಹಿಡಿದುಕೊಂಡು ಅವರ ಹಿಂದೆ ಹೋದಳು.

ಗಿರಾಕಿಯನ್ನು ಕಳಿಸಿ ಬಂದ ಮಾವ ನನ್ನೆದುರು ಕೂತರು. "ಏನ್ ಓದ್ತಿದೀಯಮ್ಮ?" ಎಂದರು.

"ಬೇರೆ ದೇಶಕ್ಕೆ ವಲಸೆ ಹೋದೋರ ಕಥೆಗಳು ಮಾವ."

"ನಾವು ಅಮ್ರುತೂರಿಂದ ಗುಬ್ಬಿಗೆ ಬಂದ್ವಲ್ಲ. ಅದು ಲೆಕ್ಕಕ್ಕೆ ಬರ್ತದಾ?"

"ಬರುತ್ತೆ," ಎಂದೆ.

ಅಡುಗೆಮನೆಯಲ್ಲಿ ಏನಾಯಿತು ಎಂದು ನಾನು ನಿಮಗೆ ಹೇಳಲಾರೆ. ನಾನು ಹೊರಗೆ ಕೂತಿದ್ದೆ. ಪಾತ್ರೆಯ ಸದ್ದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಊಟಕ್ಕೆ ಕರೆದಾಗ ಹೋಗಿ ನೋಡಿದರೆ ಬಿಸ್ಕತ್ತಿನ ಪೊಟ್ಟಣ ಬಿಚ್ಚಿತ್ತು, ಅರ್ಧ ಬಿಸ್ಕತ್ತು ಅತ್ತೆಯ ಕೈಯಲ್ಲಿತ್ತು. "ಅಣ್ಣ ಇನ್ನೂ ಅದೇ ಬೇಕರೀಲಿ ತಗೋತಾನಾ?" ಎಂದರು. ಹೌದೆಂದೆ.

ಈಗ ಅಜ್ಜಿ ವರ್ಷದಲ್ಲಿ ಹೆಚ್ಚು ದಿನ ಗುಬ್ಬಿಯಲ್ಲೇ ಇರುತ್ತಾಳೆ. ನನ್ನ ದೊಡ್ಡ ಪ್ರಬಂಧದಲ್ಲಿ ಹನ್ನಾಳ ತಾಯಿಗೆ ಒಂದು ಭಾಗ ಮೀಸಲು. ಒಪ್ಪಿಗೆಯ ಮೌನ ಎಂಬ ವಾಕ್ಯವನ್ನು ತೆಗೆದಿದ್ದೇನೆ. ಅಲ್ಲಿ ಬೇರೆ ಏನು ಬರೆಯಬೇಕೋ ಇನ್ನೂ ತಿಳಿದಿಲ್ಲ. ಮೆಟ್ಟಿಲು ಹತ್ತದೆ ಹೋದವಳು ಅವಳು, ಅದೂ ನಿಜವೇ. ಮೊದಲಾಗಿದ್ದರೆ ಇಂಥ ಖಾಲಿ ಜಾಗ ನನಗೆ ನಿದ್ದೆ ಕೆಡಿಸುತ್ತಿತ್ತು. ಈಗ ಅದರ ಸುತ್ತ ಬರೆದು, ಅದನ್ನು ಹಾಗೇ ಬಿಟ್ಟು, ಪುಟ ತಿರುಗಿಸುತ್ತೇನೆ.

ಇವತ್ತು ಭಾನುವಾರ. ಈಗಷ್ಟೇ ಗುಬ್ಬಿಗೆ ಫೋನ್ ಮಾಡಿದ್ದೆ. ಎತ್ತಿದ್ದು ಅಜ್ಜಿ. ಮುದ್ದೆ ಮೆತ್ತಗಾಯಿತೆಂದು ಅಜ್ಜಿ ಅಂದಿದ್ದಾಳೆ, ಬೇಕಾದರೆ ನೀನೇ ತೊಳಸಿಕೋ ಎಂದು ಅತ್ತೆ ಅಂದಿದ್ದಾರೆ. ನಿನ್ನೆಯಿಂದ ತಾಯಿ ಮಗಳಿಗೆ ಮಾತಿಲ್ಲ.

"ನಿಮ್ಮತ್ತೆಗೆ ಹೇಳು, ರಾಗಿಹಿಟ್ಟು ಮುಗ್ದದೆ ಅಂತ," ಎಂದಳು ಅಜ್ಜಿ.

"ಅತ್ತೆ ಎಲ್ಲಿದ್ದಾರೆ ಅಜ್ಜಿ?"

"ಇಲ್ಲೇ ನನ್ ಪಕ್ಕದಲ್ಲೇ ಕೂತವ್ಳೆ."

ಸ್ಪೀಕರ್ ಹಾಕಲು ಹೇಳಿದೆ. "ಅತ್ತೆ, ಹಿಟ್ಟು ಮುಗಿದಿದೆಯಂತೆ."

"ನಿಮ್ಮಜ್ಜಿಗೆ ಹೇಳು, ಬೆಳಿಗ್ಗೇನೇ ಮಿಲ್ಲಿಗೆ ಕಳ್ಸಿದೀನಿ ಅಂತ."

"ಅಜ್ಜಿ, ಬೆಳಿಗ್ಗೆಯೇ ಕಳಿಸಿದ್ದಾರಂತೆ."

"ಅದ್ನ ನಂಗೇ ಹೇಳಕ್ಕೆ ಏನಂತೆ ಅವ್ಳಿಗೆ?" ಎಂದಳು ಅಜ್ಜಿ.

ನಾನು ಅದನ್ನೂ ಅತ್ತೆಗೆ ಹೇಳಿದೆ.